ಮಂಚದ ಕಾಲಿಗೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳ ಬಗ್ಗೆ

ಮಾನ್ಯ ಆಡಳಿತಾಧಿಕಾರಿಗಳೇ,

ಹೊಳೆಬದಿಯ ನಮ್ಮ ಧರ್ಮಾಸ್ಪತ್ರೆಯಲ್ಲಿ ಹದಿನಾರು ವರ್ಷ ಆಯಾ ಆಗಿ ದುಡಿದ ರಾಜೀವಿಯನ್ನು ತಾವು ಕಳೆದ ಮಾರ್ಚ್ ತಿಂಗಳಲ್ಲಿ ವಾರ್ಡಿನಿಂದ ತೆಗೆದು, ಹಿತ್ತಲಿನ ಬಟ್ಟೆ ಒಗೆಯುವ ಕೊಟ್ಟಿಗೆಗೆ ಹಾಕಿದ್ದೀರಿ. ರೋಗಿಗಳ ಮಂಚದ ಕಾಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಇಂಥವರಿಗೆ ಔಷಧಿಯಿಂದ ತೊಂದರೆಯಾದೀತೆಂದು ಭವಿಷ್ಯ ನುಡಿಯುವುದು, ತನ್ನ ದರ್ಜೆಗೆ ಮೀರಿದ ವಿಷಯಗಳಲ್ಲಿ ವೈದ್ಯರ ಕಿವಿಯೂದುವುದು, ಇವು ತಮ್ಮ ಆಜ್ಞೆಯಲ್ಲಿ ಹೇಳಿದ ಅಪರಾಧಗಳು. ಇದು ಅನ್ಯಾಯ, ಈ ಆಜ್ಞೆಯನ್ನು ಕೂಡಲೇ ರದ್ದುಮಾಡಬೇಕು ಎಂದು ಕೇಳಲು ಈ ಪತ್ರ. ತಮ್ಮ ಆಜ್ಞೆಗೆ ಆಧಾರವಾದದ್ದು ೧೯೬೬ರ ಜನವರಿಯಲ್ಲಿ ಬಂದ ಒಂದು ಲಿಖಿತ ದೂರು. ಎರಡು ಪುಟ, ಅಚ್ಚುಕಟ್ಟಾದ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಅದನ್ನು ಬರೆದ ಮೂರ್ಖ ನಾನೇ.

ತಾವು ಈ ಹುದ್ದೆಗೆ ಬಂದು ಬಹಳ ಕಾಲವಾಗಿಲ್ಲವಾದ್ದರಿಂದ ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ತಲ್ಲೂರಿನ ಮಂಜಯ್ಯ ಶೆಟ್ಟಿ. ಇದೇ ಆಸ್ಪತ್ರೆಯಲ್ಲಿ ಇಪ್ಪತ್ತಮೂರು ವರ್ಷ ಕಂಪೌಂಡರ್ ಆಗಿದ್ದು, ಎರಡು ವರ್ಷದ ಹಿಂದೆ ನಿವೃತ್ತನಾದೆ. ಕೆಂಪು ಮಿಕ್ಸ್ಚರು, ಬಿಳಿ ಮಿಕ್ಸ್ಚರು, ಸೀಸೆಗೆ ಅಂಟಿಸುವ ಅಳತೆಯ ಚೀಟಿ, ಅದರ ಮೇಲೆ 'ದಿನಕ್ಕೆ ಮೂರು ಹೊತ್ತು, ಊಟದ ನಂತರ, ಚೆನ್ನಾಗಿ ಕುಲುಕಿಸಿ' ಎಂಬ ನನ್ನ ದುಂಡಕ್ಷರ. ಇವುಗಳ ಬಲದಿಂದ ನಾನು ಅರ್ಧ ಡಾಕ್ಟರೆಂದು ಊರು ನಂಬಿತ್ತು. ಪೂರ್ತಿ ಡಾಕ್ಟರೆಂದು ನಾನು ನಂಬಿದ್ದೆ. ಒಮ್ಮೆ ಆ ಚೀಟಿಯನ್ನು ನಾನು ರೋಗಿಯೊಬ್ಬನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಾಗ ನೆಲ ಒರೆಸುತ್ತಿದ್ದ ರಾಜೀವಿ ತಲೆಯೆತ್ತಿ ಕೇಳಿದಳು:

"ಶೆಟ್ರೆ, ಇವ್ರ್ ಮನೇಲಿ ಉಂಬುದೇ ಎರಡ್ ಹೊತ್. ಮೂರ್ನೇ ಮದ್ದ್ ಯಾವ ಊಟದ್ ಮೇಲೆ ಕುಡೂದ್?"

"ನೀನು ನೆಲ ಒರೆಸು" ಎಂದೆ. ಇಪ್ಪತ್ತಮೂರು ವರ್ಷ ಸಾವಿರಾರು ಸೀಸೆಗಳ ಮೇಲೆ 'ಮೂರು ಹೊತ್ತು' ಎಂದು ಬರೆದವನು, ಮೂರು ಹೊತ್ತು ಉಣ್ಣುತ್ತೀರಾ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಆಗಲೂ ಹೊಳೆಯಲಿಲ್ಲ. ಆಯಾ ಆದವಳು ಎದುರು ಮಾತಾಡಿದಳಲ್ಲ ಎಂದು ಸಿಟ್ಟು ಬಂತು, ಅಷ್ಟೇ.

ರಾಜೀವಿ ಕಿರಿಮಂಜೇಶ್ವರದ ಕಡಲ ಕರೆಯವಳು. ಗಂಡ ದೋಣಿಯಲ್ಲಿ ಹೋದವನು ಮರಳದೆ, ಮೀನಿನ ಬುಟ್ಟಿ ಹೊತ್ತು ಏಳೆಂಟು ವರ್ಷ ಮನೆಮನೆ ತಿರುಗಿದಳು. ಯಾವ ಮನೆಯಲ್ಲಿ ಯಾರಿಗೆ ಹಲ್ಲಿಲ್ಲ, ಯಾರು ಶನಿವಾರ ಉಪವಾಸ, ಯಾವ ಮುದುಕಿಗೆ ಕಣ್ಣು ಮಂಜಾದರೂ ಹೇಳಿಕೊಳ್ಳಲು ನಾಚಿಕೆ ಎಂಬುದೆಲ್ಲ ಬುಟ್ಟಿ ಇಳಿಸಿದ ಜಗಲಿಗಳಲ್ಲಿ ಅವಳಿಗೆ ತಿಳಿದುಹೋಗಿತ್ತು. ಆಸ್ಪತ್ರೆಗೆ ಸೇರಿದ ಮೇಲೆ ಆ ಅಭ್ಯಾಸ ಬಿಡಲಿಲ್ಲ. ಅಕ್ಷರ ಬಾರದು. ಯಾವ ರೋಗಿಯನ್ನು ಹೆಚ್ಚು ಗಮನದಿಂದ ನೋಡಬೇಕೆಂದು ಅವಳಿಗೆ ತೋರಿತೋ, ಅವರ ಮಂಚದ ಕಾಲಿಗೆ ಕೆಳಗಡೆ ಒಂದು ಗೆರೆ ಎಳೆಯುತ್ತಿದ್ದಳು. ಹಾಸಿಗೆ ಸರಿಮಾಡುವಾಗ, ಮಲಮೂತ್ರದ ಬೇಸಿನ್ ಎತ್ತುವಾಗ ಗೆರೆ ಕಂಡಲ್ಲಿ ಒಂದು ನಿಮಿಷ ನಿಲ್ಲುತ್ತಿದ್ದಳು. ಇಷ್ಟೇ ಅವಳ ಮಂತ್ರವಿದ್ಯೆ.

ಈಗ ದೂರಿನ ಕಥೆ ಕೇಳಿ. ೧೯೬೫ರ ಮಳೆಗಾಲ ಮುಗಿದ ಮೇಲೆ ಪದ್ದು ಎಂಬ ದೋಣಿಯವನು ಕ್ಷಯವೆಂದು ನಮ್ಮಲ್ಲಿ ಸೇರಿದ. ಅವನೂ ಕಿರಿಮಂಜೇಶ್ವರದ ಕಡೆಯವನು. ಮೂವತ್ತೈದರ ಆಸುಪಾಸು, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ. ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜಕ್ಷನ್ ಎಂದು ಡಾಕ್ಟರು ಬರೆದರು. ಹಾಕುವವನು ನಾನು. ಮೂರನೆಯ ದಿನ ರಾಜೀವಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಶೆಟ್ರೆ, ಪದ್ದುಗೆ ಉಚ್ಚೆ ಸಮ ಹೋತಿಲ್ಲೆ. ಬೇಸಿನ್ ಎತ್ತೂದ್ ನಾನ್ ಅಲ್ದಾ, ನಂಗ್ ಗೊತ್ತಾತ್ತ್. ಎಲ್ಲರಿಗೂ ಹಾಕಿದ್ ಹಾಂಗೇ ಅವ್ನಿಗೂ ಹಾಕ್ಬೇಡಿ. ಡಾಕ್ಟ್ರಿಗೆ ಒಂದ್ ಮಾತ್ ಹೇಳಿ."

"ಉಚ್ಚೆಗೂ ಇಂಜಕ್ಷನ್ನಿಗೂ ಏನು ಸಂಬಂಧ?" ಎಂದು ನಾನು ನಕ್ಕೆ.

"ಹೋಪುದ್ ಹೋಗ್ದಿರೆ, ಬಪ್ಪುದ್ ಎಲ್ಲ್ ನಿಲ್ತ್ ಮಾರಾಯ್ರೆ?" ಎಂದಳು.

ಮೂತ್ರಪಿಂಡ ಕೆಟ್ಟವರಲ್ಲಿ ಈ ಔಷಧಿ ಮೈಯಲ್ಲೇ ಉಳಿದು ಕಿವಿಯ ನರಕ್ಕೆ ಹೊಡೆದು ಕಿವುಡನ್ನೂ ತಲೆತಿರುಗನ್ನೂ ತರುತ್ತದೆಂದು ನನ್ನ ಕಪಾಟಿನ ದಪ್ಪ ಪುಸ್ತಕದಲ್ಲಿ ಅಚ್ಚಾಗಿತ್ತು. ಆ ಪುಸ್ತಕವನ್ನು ನಾನು ಕಪಾಟಿನ ಅಲುಗಾಡುವ ಕಾಲಿನ ಕೆಳಗೆ ಇಟ್ಟಿದ್ದೆ. ಡಾಕ್ಟರಿಗೆ ಹೇಳಲಿಲ್ಲ. ಮೂರು ವಾರ ಸೂಜಿ ಹಾಕಿದೆ. ಪದ್ದು ಗೋಡೆ ಹಿಡಿದು ನಡೆಯಲಾರಂಭಿಸಿದ. ಕರೆದರೆ ತಿರುಗದಾದ. ಸೊಕ್ಕು ಎಂದುಕೊಂಡೆ. ಒಂದು ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದಾಗ ರಾಜೀವಿ ನನ್ನನ್ನು ದಾಟಿ ಹೋಗಿ, ಅವರೆದುರು ಪದ್ದುವಿನ ಬೆನ್ನ ಹಿಂದೆ ಕಂಚಿನ ತಟ್ಟೆಯೊಂದನ್ನು ನೆಲಕ್ಕೆ ಹಾಕಿದಳು. ಇಡೀ ವಾರ್ಡು ಬೆಚ್ಚಿತು. ಪದ್ದು ಕಿಟಕಿಯ ಹೊರಗೆ ಹೊಳೆ ನೋಡುತ್ತ ಕೂತೇ ಇದ್ದ.

ಡಾಕ್ಟರು ಕೂಡಲೇ ಇಂಜಕ್ಷನ್ ನಿಲ್ಲಿಸಿದರು. ರಾಜೀವಿ ಮೊದಲ ವಾರವೇ ನನಗೆ ಹೇಳಿದ್ದಳೆಂದು ತಿಳಿದು, ಎಲ್ಲರ ಮುಂದೆ ಕೇಳಿದರು: "ಶೆಟ್ಟರೇ, ನನಗೆ ಯಾಕೆ ಹೇಳಲಿಲ್ಲ?" ಉತ್ತರವಿಲ್ಲದ ಮನುಷ್ಯ ಏನು ಮಾಡುತ್ತಾನೆ? ಅರ್ಜಿ ಬರೆಯುತ್ತಾನೆ. ಅದರ ಮುಂದಿನ ತಿಂಗಳು ನಾನು ತಮ್ಮ ಕಚೇರಿಗೆ ಆ ಎರಡು ಪುಟ ಬರೆದೆ. 'ಮೂಢನಂಬಿಕೆ', 'ಶಿಸ್ತುಭಂಗ', 'ಮಂತ್ರವಾದದ ಚಿಹ್ನೆ' ಎಂಬ ಶಬ್ದಗಳನ್ನು ಹುಡುಕಿ ಹುಡುಕಿ ಹಾಕಿದೆ. ಬರೆದು ಮುಗಿಸಿ ಎರಡು ಸಲ ಓದಿಕೊಂಡು ಸಂತೋಷಪಟ್ಟೆ. ಒಬ್ಬ ಮನುಷ್ಯನ ಕಿವಿ ಹೋಗಿತ್ತು, ನನಗೆ ನನ್ನ ಶೈಲಿಯ ಬಗ್ಗೆ ಹೆಮ್ಮೆಯಿತ್ತು.

ತಮ್ಮ ಕಚೇರಿ ಆ ದೂರಿನ ಮೇಲೆ ಮೂರು ವರ್ಷ ಎರಡು ತಿಂಗಳು ಆಲೋಚನೆ ನಡೆಸಿತು. ಅಷ್ಟರಲ್ಲಿ ಆ ಡಾಕ್ಟರು ಬೇರೆ ಊರಿಗೆ ಹೋದರು, ನಾನು ನಿವೃತ್ತನಾದೆ, ಮತ್ತು ನನ್ನ ಹೃದಯ ಕೈಕೊಟ್ಟಿತು.

ಕಾಲು ಊದಿ, ಎರಡು ಹೆಜ್ಜೆಗೆ ಏದುಸಿರು. ಕುಂದಾಪುರದ ಪೇಟೆಯ ಒಬ್ಬ ವೈದ್ಯರು ಡಿಗಾಕ್ಸಿನ್ ಮಾತ್ರೆ ಕೊಟ್ಟರು. ಊತ ಇಳಿಯಲು ಸಾವಕಾಶವಾಯಿತೆಂದು, ಅವರಿಗೆ ಹೇಳದೆ, ಮಂಗಳೂರಿಗೆ ಹೋಗಿ, ಇನ್ನೊಬ್ಬರಿಂದ ನೀರು ಇಳಿಯುವ ಮಾತ್ರೆ ತಂದೆ. ಮುಂಬಯಿಯ ಹೋಟೆಲಿನಲ್ಲಿರುವ ನನ್ನ ಅಳಿಯ, ಮಾವನಿಗೆ ಹೃದಯದ ಕಾಯಿಲೆಯಂತೆ ಎಂದು ಕೇಳಿ, ಯಾರದೋ ಕೈಯಲ್ಲಿ ವಿಲಾಯತಿ ಮಾತ್ರೆಯ ಸೀಸೆ ಕಳಿಸಿದ. ಚೀಟಿ ಓದಿದರೆ ಅದೂ ಡಿಗಾಕ್ಸಿನ್ನೇ, ಹೆಸರು ಮಾತ್ರ ಬೇರೆ. ಹಾಗಿದ್ದೂ ನಾನು ಎರಡನ್ನೂ ತಿಂದೆ. ಯಾಕೆಂದು ಕೇಳುತ್ತೀರಾ? ಪೇಟೆಯ ವೈದ್ಯರು ಹೆದರುಪುಕ್ಕಲು, ಅಳತೆ ಕಡಿಮೆ ಬರೆದಿದ್ದಾರೆ, ನನ್ನಂಥ ಗಟ್ಟಿ ಮೈಗೆ ಸಾಲದು ಎಂದು ನಾನೇ ತೀರ್ಮಾನಿಸಿದ್ದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕೌಂಟರಿನ ಒಳಗಿಂದಲೇ ಬೈದು ಓಡಿಸುತ್ತಿದ್ದೆ.

ಹತ್ತು ಹನ್ನೆರಡು ದಿನದಲ್ಲಿ ಊಟ ಸೇರದಾಯಿತು. ಒಂದು ಮಧ್ಯಾಹ್ನ ಬಟ್ಟಲಿನ ಅನ್ನ ಹಳದಿ ಕಂಡಿತು. ಹೆಂಡತಿ ಕುಸುಮಾವತಿಯನ್ನು ಕರೆದು, "ಅನ್ನಕ್ಕೆ ಅರಿಶಿನ ಯಾರ್ ಹಾಕೂಕೆ ಹೇಳಿದ್?" ಎಂದು ರೇಗಿದೆ.

"ಅನ್ನ ಬೆಳ್ಳಗೇ ಇತ್ತಲೆ!" ಎಂದಳು ಅವಳು.

"ನಂಗ್ ಕಣ್ಣಿಲ್ಯಾ?"

"ಕಣ್ಣಿತ್ತ್. ಅದ್ಕೇ ಹೆದ್ರಿಕಿ."

ಸುಣ್ಣ ಬಳಿದ ಗೋಡೆಯೂ ಹಳದಿ, ನನ್ನ ಬಿಳಿ ಮುಂಡೂ ಹಳದಿ. ಮರುದಿನ ವಾಂತಿ ನಿಲ್ಲದೆ ನನ್ನನ್ನು ಎತ್ತಿಕೊಂಡು ಧರ್ಮಾಸ್ಪತ್ರೆಗೆ ತಂದರು. ಅದು ಕಳೆದ ವರ್ಷದ ಅಕ್ಟೋಬರ್. ಆಗ ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಸ್ನೇಹಲತಾ ನನ್ನನ್ನು ಕೇಳಿದರು: "ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಮಾನ್ಯರೇ, ನನ್ನ ಉತ್ತರವನ್ನು ನಾನೇ ಬರೆದು ತಿಳಿಸಬೇಕಾಗಿದೆ. "ಅದೆಲ್ಲ ನನಗೆ ಗೊತ್ತಿದೆ ಡಾಕ್ಟ್ರೇ, ನಾನೇ ಕಂಪೌಂಡರು. ಇದು ಹಲಸಿನ ಹಪ್ಪಳದ ಅಜೀರ್ಣ" ಎಂದೆ. ಅವರು ಹೊಸಬರು, ನನ್ನ ನರೆತ ತಲೆಗೆ ಗೌರವ ಕೊಟ್ಟರು. ಅಜೀರ್ಣವೆಂದೇ ಬರೆದರು.

ವಾಂತಿಗೆಂದು ಮಂಚದ ಅಂಚಿಗೆ ತಲೆ ಇಳಿಬಿಟ್ಟಾಗ ಮಂಚದ ಕಾಲು ಕಣ್ಣಿಗೆ ಬಿತ್ತು. ಅದರ ಮೇಲೆ ಗೆರೆ. ಗೆರೆಯಿದ್ದ ಬೇರೆ ಮಂಚಗಳಿಗೆ ಒಂದು, ನನ್ನದಕ್ಕೆ ಎರಡು.

ಆ ಹೊತ್ತಿಗಾಗಲೇ ಜಗಲಿಯಲ್ಲಿ ರಾಜೀವಿ ಕುಸುಮಾವತಿಯನ್ನು ಹಿಡಿದು ನಿಲ್ಲಿಸಿದ್ದಳು. "ಅಕ್ಕ, ಇವ್ರ್ ಮನೇಲಿ ಎಂತೆಂತ ತಿಂತ್ರ್? ಬಾಯಲ್ಲ್ ಹೇಳೂದ್ ಬ್ಯಾಡ. ಮದ್ದಿದ್ ಡಬ್ಬಿಯೇ ತಕಂಡ್ ಬನ್ನಿ, ಇದ್ದದ್ದ್ ಇದ್ದ ಹಾಂಗೇ." ಮಧ್ಯಾಹ್ನ ಬಿಸ್ಕತ್ತಿನ ಡಬ್ಬಿ ಬಂತು. ಮೂರು ಸೀಸೆ. ರಾಜೀವಿ ಅದನ್ನು ಸ್ನೇಹಲತಾ ಅವರ ಮೇಜಿನ ಮೇಲೆ ಇಟ್ಟು, ಅನ್ನ ಹಳದಿ ಕಂಡ ಸಂಗತಿಯನ್ನೂ ಹೇಳಿದಳು. ಡಿಗಾಕ್ಸಿನ್ ಮಿತಿಮೀರಿದರೆ ಕಣ್ಣಿಗೆ ಎಲ್ಲ ಹಳದಿಯಾಗಿ ನಾಡಿ ಕುಸಿಯುತ್ತದೆಂದು ಬಲ್ಲ ಅವರು ಓಡಿ ಬಂದು ಕೈ ಹಿಡಿದರು. ನಾಡಿ ನಿಮಿಷಕ್ಕೆ ಮೂವತ್ತೆಂಟು. ಎಲ್ಲ ಮಾತ್ರೆ ನಿಲ್ಲಿಸಿದರು, ಎಳನೀರು ಕುಡಿಸಿದರು, ಎರಡು ಹಗಲು ಎರಡು ರಾತ್ರಿ ಯಾರಾದರೊಬ್ಬರು ನನ್ನ ನಾಡಿ ಹಿಡಿದೇ ಕೂತಿದ್ದರು. ಮೂರನೆಯ ದಿನ ಅನ್ನ ಬೆಳ್ಳಗಾಯಿತು. ಇನ್ನೊಂದು ದಿನ ತಡವಾಗಿದ್ದರೆ ಈ ಪತ್ರ ಬರೆಯುವ ತೊಂದರೆ ನನಗೂ, ಓದುವ ತೊಂದರೆ ತಮಗೂ ಇರುತ್ತಿರಲಿಲ್ಲ.

ಎದ್ದು ಕೂತ ಮೇಲೆ ಕೇಳಿದೆ: "ನನಗೆ ಎರಡು ಗೆರೆ ಯಾಕೆ ರಾಜೀವಿ?"

"ಒಂದ್, ನೀವ್ ಮೂರ್ ಊರಿದ್ ಮದ್ದ್ ತಿಂಬವ್ರ್ ಅಂದ್ಹೇಳಿ ಗುಮಾನಿ ಇದ್ದಿತ್. ಇನ್ನೊಂದ್, ಬಂದ್ ಕೂಡ್ಲೇ 'ನಂಗೆಲ್ಲ ಗೊತ್ತಿತ್ತ್' ಅಂದ್ರಿ ಅಲ್ದಾ, ಅದ್ಕೆ. ಹಾಂಗ್ ಅಂಬವ್ರೇ ಬೇಗ ಹೋಪುದ್."

ಮುದುಕರು, ಒಂಟಿಯಾಗಿರುವವರು, ಮೂತ್ರ ಕಡಿಮೆಯಾದವರು, ಎರಡು ಮೂರು ಕಡೆಯ ಔಷಧಿ ತಿನ್ನುವವರು, ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಬೇಗ ಎದ್ದುಹೋಗುವವರು, ಮತ್ತು ನನ್ನಂಥ ಪಂಡಿತರು. ಇವರ ಮಂಚಗಳಿಗೆ ಅವಳ ಗೆರೆ ಬೀಳುತ್ತಿತ್ತು. ಸ್ನೇಹಲತಾ ಅವರು ಇದನ್ನು ಬರೀ ಮಾತಿನಲ್ಲೇ ಬಿಡಲಿಲ್ಲ. ನವೆಂಬರದಿಂದ ಫೆಬ್ರವರಿಯವರೆಗೆ, ರೋಗಿ ಸೇರಿದ ದಿನವೇ ಗೆರೆ ಬಿತ್ತೋ ಇಲ್ಲವೋ ಎಂದು ತಮ್ಮ ನೋಟ್ ಪುಸ್ತಕದಲ್ಲಿ ಬರೆದಿಟ್ಟರು. ಸೇರಿದವರು ನೂರ ಹದಿನೆಂಟು ಮಂದಿ. ಗೆರೆ ಬಿದ್ದವರು ಇಪ್ಪತ್ತಾರು. ಔಷಧಿಯಿಂದಲೇ ತೊಂದರೆಯಾಯಿತೆಂದು ಅವರು ಕಂಡುಕೊಂಡದ್ದು ಹದಿನಾಲ್ಕು ಮಂದಿಯಲ್ಲಿ. ಅವರಲ್ಲಿ ಹನ್ನೊಂದು ಮಂದಿಯ ಮಂಚಕ್ಕೆ ಮೊದಲೇ ಗೆರೆಯಿತ್ತು.

ಉಳಿದ ಹದಿನೈದು ಗೆರೆ ಸುಳ್ಳಾಯಿತಲ್ಲ, ಮೂವರು ತಪ್ಪಿಹೋದರಲ್ಲ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾಜೀವಿಯೂ ಮನುಷ್ಯಳೇ, ತಪ್ಪುತ್ತಾಳೆ. ಆದರೆ ಆ ಹದಿನೈದು ಮಂದಿಗೆ ಆದ ಕಷ್ಟವೇನು? ಅವರನ್ನು ಎರಡು ಸಲ ಹೆಚ್ಚಿಗೆ ಮಾತಾಡಿಸಿದರು, ಬೇಸಿನ್ ನೋಡಿದರು, ಗಂಜಿ ಉಂಡಿರಾ ಎಂದು ಕೇಳಿದರು. ಹೀಗೆ ಕೇಳಿಸಿಕೊಂಡು ಸತ್ತವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರಾದರೂ ಇದ್ದರೆ ತಾವು ತಿಳಿಸಬೇಕು. ಕೇಳಿಸಿಕೊಳ್ಳದೆ ಹಾಳಾದವರ ವಿಳಾಸ ನಾನು ಕೊಡುತ್ತೇನೆ.

ಆ ವಿಳಾಸಕ್ಕೆ ನಾನು ಕಳೆದ ಜನವರಿಯಲ್ಲಿ ಹೋದೆ. ಕಿರಿಮಂಜೇಶ್ವರದಲ್ಲಿ ಬಸ್ಸಿಳಿದು ಕಡಲ ಕಡೆಗೆ ನಡೆದರೆ ಪದ್ದುವಿನ ಮನೆ. ಕ್ಷಯ ವಾಸಿಯಾಗಿದೆ. ದೋಣಿಯಲ್ಲಿ ನಿಲ್ಲಲು ಮಾತ್ರ ಆಗುವುದಿಲ್ಲ. ಅಲೆ ಇಲ್ಲದ ನೆಲವೇ ಅವನಿಗೆ ತೂಗುತ್ತದೆ. ಅಂಗಳದಲ್ಲಿ ಕೂತು ಬೇರೆಯವರ ಬಲೆ ಹೊಲಿಯುತ್ತಿದ್ದ. ನಾನು ಎದುರು ನಿಂತು, ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ಅವನು ನನ್ನ ತುಟಿ ನೋಡುತ್ತ ನಕ್ಕ.

"ಎಂತ ಅಂಬ್ರ್ ಇವ್ರ್?" ಎಂದು ಹೆಂಡತಿಯನ್ನು ಕೇಳಿದ.

ಹೆಂಡತಿ ಸರೋಜ ಒಳಗಿಂದ ಬಂದು, ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಗಂಡನ ಕಿವಿಯ ಹತ್ತಿರ ಬಾಗಿ, ನೆರೆಮನೆಯವರೂ ತಿರುಗಿ ನೋಡುವಂತೆ ಕೂಗಿದಳು: "ತಪ್ಪಾಯ್ತ್ ಅಂಬ್ರ್! ಸೂಜಿ ಹಾಕ್ದವ್ರ್! ತಪ್ಪಾಯ್ತ್ ಅಂಬ್ರ್!"

ಕ್ಷಮಾಪಣೆಯನ್ನು ನಾಲ್ಕು ಜನರೆದುರು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಸರೋಜ ನನ್ನ ಪರವಾಗಿ ಇಡೀ ಕೇರಿಯೆದುರು ಕೇಳಿಬಿಟ್ಟಳು. ಪದ್ದು ಸ್ವಲ್ಪ ಹೊತ್ತು ಬಲೆಯ ಕಣ್ಣು ಎಣಿಸಿದಂತೆ ಮಾಡಿ, "ಹೋಯ್ಲಿ, ಕೂಕಣಿ" ಎಂದ. ಕೂತೆ. ಒಂದು ಲೋಟ ಚಾ ಕುಡಿದು ಎದ್ದುಬಂದೆ.

ಇಷ್ಟಾದ ಮೇಲೆ ಮಾರ್ಚಿನಲ್ಲಿ ತಮ್ಮ ಆಜ್ಞೆ ಬಂತು. ನಾನು ಮರುದಿನವೇ ತಮ್ಮ ಕಚೇರಿಗೆ ಓಡಿ, ನನ್ನ ದೂರನ್ನು ವಾಪಸು ಪಡೆಯುತ್ತೇನೆಂದು ಗುಮಾಸ್ತರಿಗೆ ಹೇಳಿದೆ.

"ವಾಪಸ್ ತಕಂಬ್ಕೆ ನಮೂನೆ ಇಲ್ಲೆ ಶೆಟ್ರೆ" ಎಂದರು.

"ಹಾಗಾದರೆ ಇದು ಮುಗಿಯುವುದು ಯಾವಾಗ?"

"ದೂರ್ ಕೊಟ್ಟವ್ರ್ ತೀರ್ಕಂಡ್ರೆ ಕಡತ ಮುಚ್ಚೂಕ್ ಆತ್ತ್."

"ಅಕ್ಟೋಬರಿನಲ್ಲಿ ಬಹಳ ಪ್ರಯತ್ನ ಮಾಡಿದ್ದೆ ಮಾರಾಯರೇ, ಆಯಾ ಬಿಡಲಿಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ತಾವು ಸಭೆಯಲ್ಲಿದ್ದಿರಂತೆ. ಆಮೇಲೆ ಮೂರು ಸಲ ಬಂದೆ, ಮೂರು ಸಲವೂ ಸಭೆಯಲ್ಲಿದ್ದಿರಿ. ಆದ್ದರಿಂದ ಪತ್ರಿಕೆಯ ಮೂಲಕ ತಮ್ಮನ್ನು ಕಾಣುತ್ತಿದ್ದೇನೆ.

ಕೊಟ್ಟಿಗೆಗೆ ಹೋಗಿ ರಾಜೀವಿಗೆ ತಪ್ಪೊಪ್ಪಿಕೊಂಡೆ. ಒಗೆಯುವ ಕಲ್ಲಿನ ಮೇಲೆ ಚಾದರ ಬಡಿಯುತ್ತಲೇ ಹೇಳಿದಳು: "ಬರ್ದದ್ ನೀವೇ ಅಂದ್ಹೇಳಿ ನಂಗ್ ದೂರ್ ಹೋದ್ ದಿನವೇ ಗೊತ್ತಿತ್ತ್. ಈ ಆಸ್ಪತ್ರೆಲಿ ಓದೂಕ್ ಆಪ್ಪ ಹಾಂಗ್ ಬರೆಯೂದ್ ನೀವ್ ಒಬ್ರೇ. ಡಾಕ್ಟ್ರ್ ಬರ್ದದ್ ಯಾರಿಗ್ ಓದೂಕ್ ಆತ್ತ್?"

"ಗೊತ್ತಿದ್ದೂ ನನ್ನನ್ನು ಉಳಿಸಿದೆಯಾ?"

"ದೂರ್ ಬರ್ದದ್ ಕೈ. ಕಾಯ್ಲಿ ಬಿದ್ದದ್ ಹೊಟ್ಟಿ. ಕೈ ಮೇಲಿನ್ ಸಿಟ್ಟಿಗೆ ಹೊಟ್ಟಿ ಸಾಯ್ಲಿ ಅಂಬುಕ್ ಆತ್ತಾ? ಬಿಸ್ಲಲ್ಲ್ ನಿಲ್ಬೇಡಿ, ಆಚಿ ಸರೀನಿ."

ಮಾನ್ಯರೇ, ನನ್ನ ಬೇಡಿಕೆಗಳು ದೊಡ್ಡವಲ್ಲ. ರಾಜೀವಿಯ ಮೇಲಿನ ಆಜ್ಞೆಯನ್ನು ರದ್ದುಮಾಡಿ ಅವಳನ್ನು ವಾರ್ಡಿಗೆ ಮರಳಿಸಿ. ರೋಗಿ ಸೇರಿದ ದಿನವೇ ಅವರ ಮನೆಯ ಔಷಧಿಯ ಡಬ್ಬಿ ತರಿಸಿ ನೋಡಬೇಕು, ಎಷ್ಟು ಹೊತ್ತು ಉಣ್ಣುತ್ತಾರೆ, ಮೂತ್ರ ಸರಿ ಹೋಗುತ್ತದೆಯೇ, ಮನೆಯಲ್ಲಿ ಔಷಧಿ ಎತ್ತಿಕೊಡುವವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕು ಎಂಬ ನಿಯಮ ಮಾಡಿ. ಅಪಾಯವಿದೆ ಎಂದು ಕಂಡವರನ್ನು ಗುರುತಿಸಿ, ದಿನವೂ ಎರಡು ಸಲ ನೋಡುವಂತೆ ಮಾಡಿ. ಗುರುತಿಗೆ ಸೀಮೆಸುಣ್ಣ ತಮ್ಮ ಘನತೆಗೆ ಕಡಿಮೆಯೆನಿಸಿದರೆ ಕೆಂಪು ಶಾಯಿ ಬಳಸಿ, ನನ್ನ ತಕರಾರಿಲ್ಲ. ಆ ಗುರುತು ಹಾಕುವ ಮೊದಲು ಬೇಸಿನ್ ಎತ್ತುವವರ ಮಾತನ್ನು ಒಮ್ಮೆ ಕೇಳಬೇಕು, ಅಷ್ಟೇ.

ಇದಕ್ಕೆ ಯಾಕೆ ಅವಸರವೆಂದು ಹೇಳಿ ಮುಗಿಸುತ್ತೇನೆ. ನಮ್ಮ ಚಾದರಗಳ ಮೂಲೆಯಲ್ಲಿ ಕೆಂಪು ನೂಲಿನಲ್ಲಿ ಮಂಚದ ಅಂಕಿ ಹೊಲಿದಿರುತ್ತದೆ. ಅಕ್ಷರ ಬಾರದಿದ್ದರೂ ಮೀನು ಮಾರಿದವಳಿಗೆ ಅಂಕಿ ಬರುತ್ತದೆ. ಕಳೆದ ಮಂಗಳವಾರ ನಾನು ನಾಡಿ ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ, ಕೊಟ್ಟಿಗೆಯ ಬಾಗಿಲಿಂದ ಕೂಗು ಬಂತು: "ಹ್ವಾಯ್ ಶೆಟ್ರೆ! ಏಳ್ನೇ ಮಂಚದಲ್ಲ್ ಯಾರ್ ಮಲ್ಕಂಡದ್?"

"ಕುಂಭಾಶಿಯ ಐತಜ್ಜ. ಎದ್ದು ಹೋಗಲು ಆಗದವನು. ಯಾಕೆ?"

"ದಿನಾ ಚಾದರ ಒದ್ದಿ ಆಯ್ಕಂಡ್ ಬತ್ತಿತ್. ನಿನ್ನೆಯಿಂದ ಒಣಗೇ ಬತ್ತಾ ಇತ್ತ್. ಅವ್ರಿಗೆ ಎಂತ ಮದ್ದ್ ಕೊಡ್ತಿದ್ರ್ ಕೇಣಿ. ಬೇಗ ಹೋಯ್ನಿ, ನಂಗ್ ಒಳ್ಗ್ ಹೋಪುಕ್ ಇಲ್ಲೆ."

ಹೋದೆ. ಐತಜ್ಜನ ಹೊಟ್ಟೆನೋವಿಗೆ ಬೆಲಡೋನ ಮಿಕ್ಸ್ಚರು ಕೊಡುತ್ತಿದ್ದರು. ಕೆಲವು ಮುದುಕರಲ್ಲಿ ಅದು ಮೂತ್ರವನ್ನೇ ಕಟ್ಟಿಬಿಡುತ್ತದೆ. ಅದನ್ನು ಕಲಸುವ ಕ್ರಮವನ್ನು ಕಪಾಟಿನ ಬಾಗಿಲಿಗೆ ದುಂಡಕ್ಷರದಲ್ಲಿ ಬರೆದು ಅಂಟಿಸಿ ಬಂದವನು ನಾನೇ. ಸ್ನೇಹಲತಾ ಅವರು ಅಜ್ಜನ ಕಿಬ್ಬೊಟ್ಟೆ ಮುಟ್ಟಿ ನೋಡಿದರು, ಕಲ್ಲಿನಂತೆ ಬಿಗಿದಿತ್ತು. ಕೊಳವೆ ಹಾಕಿ ಮೂತ್ರ ತೆಗೆದರು, ಮಿಕ್ಸ್ಚರು ನಿಲ್ಲಿಸಿದರು. ಸಂಜೆಗೆ ಐತಜ್ಜ ಗಂಜಿ ಕೇಳಿದ.

ಕೊಟ್ಟಿಗೆಯಿಂದ ವಾರ್ಡಿಗೆ ಎಂಬತ್ತು ಹೆಜ್ಜೆ, ನಡುವೆ ಆರು ಮೆಟ್ಟಿಲು. ರಾಜೀವಿಗೆ ಅದನ್ನು ಹತ್ತುವ ಅಪ್ಪಣೆಯಿಲ್ಲ. ನನಗೆ ಅಪ್ಪಣೆಯಿದೆ, ಉಸಿರಿಲ್ಲ. ಮಂಗಳವಾರ ನಾಲ್ಕನೆಯ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಳ್ಳಬೇಕಾಯಿತು. ನಾನು ಅಲ್ಲಿ ಕೂತಷ್ಟು ಹೊತ್ತೂ ಒಬ್ಬ ಮುದುಕ ಒಳಗೆ ನರಳುತ್ತಿದ್ದ. ತಾವು ಸಭೆ ಮುಗಿಸಿ ಒಂದು ಸಹಿ ಹಾಕುವವರೆಗೆ ಇಪ್ಪತ್ನಾಲ್ಕು ಮಂಚದ ರೋಗಿಗಳ ಕ್ಷೇಮ ನನ್ನ ಈ ಕೆಟ್ಟ ಹೃದಯದ ಮೇಲೆ ನಿಂತಿದೆ. ನನ್ನನ್ನು ಬಲ್ಲವನಾದ್ದರಿಂದ ಹೇಳುತ್ತೇನೆ: ನಂಬಬೇಡಿ.

ಇಂತಿ,
ಬರೆಯಬಾರದ್ದನ್ನು ಅಂದವಾಗಿ ಬರೆದು, ಹೇಳಬೇಕಾದದ್ದನ್ನು ಹೇಳದೆ ಉಳಿದ,
ಮಂಜಯ್ಯ ಶೆಟ್ಟಿ
ನಿವೃತ್ತ ಕಂಪೌಂಡರ್, ಸದ್ಯ ಒಗೆಯುವ ಕೊಟ್ಟಿಗೆಯ ಓಲೆಕಾರ
ತಲ್ಲೂರು, ಮೇ ೧೯೬೯